ಲೋಕಲ್ ಇದ್ರ ಬಿಟ್ಟಬಿಡು

ಹೇಳುವುದಕ್ಕೆ ಒಂದು ಮಾತು ಸಾಕಿತ್ತು. ಅದು ಬೆಳಗಿನಿಂದ ದೀಪ್ತಿಯ ಬಾಯೊಳಗೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕೂತಿತ್ತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ತೆಗೆಯಲು ಮಾತ್ರ ಮನಸ್ಸು ಬರುತ್ತಿರಲಿಲ್ಲ. ಕಾರಿನ ಮುಂದಿನ ಗಾಜಿನ ಮೇಲೆ ರಸ್ತೆಯ ಉಪ್ಪು ಬೆಳ್ಳಗೆ ಒಣಗಿತ್ತು. ಕಲ್ಮೇಶ ನೀರು ಚಿಮ್ಮಿಸಿದ. ನೀರು ಗಾಜಿಗೆ ತಾಗುತ್ತಲೇ ಹೆಪ್ಪುಗಟ್ಟಿತು, ವೈಪರ್ ಅದನ್ನು ಕೆರೆಯುತ್ತ ಅತ್ತಿಂದಿತ್ತ ಎಳೆದಾಡಿತು. 'ಮೈನಸ್ ಹತ್ತು ಡಿಗ್ರಿ ಐತ್ರಿ ಅಕ್ಕಾರ. ಕಾಲಿಗೆ ಬಿಸಿ ಗಾಳಿ ಬರಾಕತ್ತೈತಿಲ್ಲ?' ಎಂದು ಕೇಳಿದ. ಬರ್ತಿದೆ ಎಂದಳು. ಬರುತ್ತಿರಲಿಲ್ಲ. ಅಕ್ಕಾರ. ಗಂಡ ಶ್ರೀಕಾಂತ ಇದ್ದಾಗ ಇವನು ಅವನನ್ನು ಅಣ್ಣಾ ಎನ್ನುತ್ತಿದ್ದ, ಅವಳನ್ನು ವೈನಿ, ಅಂದರೆ ಅತ್ತಿಗೆ. ವೈನಿ ಚಾ ಮಾಡ್ರಿ, ವೈನಿ ನಿಮ್ಮ ಮೈಸೂರು ಮಂದಿ ಸಾರಿಗೆ ಬೆಲ್ಲ ಯಾಕ ಹಾಕ್ತೀರಿ ಎಂದು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕಾಡುತ್ತಿದ್ದ. ಶ್ರೀಕಾಂತ ಹೋದ ಮೇಲೆ ಸ್ವಲ್ಪ ದಿನ ಏನೆಂದೂ ಕರೆಯಲಿಲ್ಲ, ಆಮೇಲೆ ಅಕ್ಕಾರ ಆಯಿತು. ಅಣ್ಣನೇ ಇಲ್ಲದ ಮೇಲೆ ವೈನಿ ಎಲ್ಲಿಂದ ಬಂದಾಳು ಎಂದು ಯೋಚಿಸಿ ಬದಲಿಸಿದನೋ, ನಾಲಗೆ ತಾನಾಗಿ ಹೊರಳಿತೋ, ಕೇಳುವ ಹಾಗಿಲ್ಲ.

ಫೋರ್ಟೀನ್ ಮೈಲ್ ರಸ್ತೆಯ ಎಕ್ಸಿಟ್ ಬಂತು. ಎಂದಿನಂತೆ ಅವನು ಸಿಗ್ನಲ್ ಹಾಕಿ ಹೈವೇಯಿಂದ ಕೆಳಗಿಳಿದ. ಇನ್ನು ಒಳದಾರಿ. ಮುಚ್ಚಿದ ಹಾಸಿಗೆ ಅಂಗಡಿ, ಮುಚ್ಚಿದ ವಿಡಿಯೊ ಅಂಗಡಿ, ಗಾಜಿಗೆಲ್ಲ ಕಂದು ಕಾಗದ ಅಂಟಿಸಿದ ಕಾರು ಷೋರೂಮು, ಪ್ರತಿ ತಿರುವಿನಲ್ಲೂ ಕೆಂಪು ದೀಪ. ಟ್ವೆಲ್ವ್ ಮೈಲಿನಲ್ಲಿ ಅವನು ಮತ್ತೆ ಹೈವೇ ಹತ್ತುತ್ತಾನೆ. ನಡುವಿನ ಆ ಎರಡು ಮೈಲಿಯಲ್ಲಿ ಹೋದ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಕಣ್ಣಿಗೆ ಕಾಣದ ಹಿಮದ ಪದರದ ಮೇಲೆ, ಶ್ರೀಕಾಂತನ ಕಾರು ಜಾರಿತ್ತು. ಅವಳನ್ನು ಆ ಜಾಗ ದಾಟಿಸಬಾರದೆಂದು ಕಲ್ಮೇಶ ತಾನೇ ತೀರ್ಮಾನಿಸಿದ್ದ. ಒಂದು ದಿನವೂ ಬಾಯಿ ಬಿಟ್ಟು ಹೇಳಿಲ್ಲ, ಬೇಕೇ ಎಂದು ಕೇಳಿಲ್ಲ. ಅವಳು ಕಾರು ಓಡಿಸುವುದನ್ನು ಬಿಟ್ಟ ಮೇಲೆ ಮನೆಯಿರುವ ಟ್ರಾಯ್‌ನಿಂದ ಆಫೀಸಿರುವ ಸೌತ್‌ಫೀಲ್ಡಿಗೆ ದಿನವೂ ಕರೆದುಕೊಂಡು ಹೋಗಿ ಬರುತ್ತಾನೆ, ದಿನವೂ ಈ ಸುತ್ತು ಬಳಸುತ್ತಾನೆ, ಪ್ರತಿ ಸಲ ಸಿಗ್ನಲ್ ಟಿಕ್ ಟಿಕ್ ಎನ್ನತೊಡಗಿದಾಗ ಇಬ್ಬರೂ ಒಂದೇ ಸಂಗತಿ ನೆನೆಯುತ್ತ ಬೇರೆ ಬೇರೆ ಕಡೆ ನೋಡುತ್ತಾರೆ. ಮರೆಸಲು ಹೋಗಿ ದಿನಕ್ಕೆರಡು ಸಲ ನೆನಪಿಸುವ ಈ ಉಪಕಾರಕ್ಕೆ ಅವಳು ಕೃತಜ್ಞಳಾಗಿರಬೇಕು. ಉಪಕಾರಗಳಲ್ಲಿ ಅವಳು ಅತ್ಯಂತ ದ್ವೇಷಿಸುತ್ತಿದ್ದುದು ಇದನ್ನು, ಮಂಗಳವಾರದ ತನಕ.

ಮಂಗಳವಾರ ಸರಳಾ ಫೋನ್ ಮಾಡಿದ್ದಳು. ಕೆಳಗಿನ ಅಪಾರ್ಟ್‌ಮೆಂಟಿನವಳು, ಒಳ್ಳೆಯವಳು, ಯೋಚಿಸದೆ ಮಾತಾಡುವವಳು. 'ದೀಪ್ತಿ, ಶನಿವಾರ ಶಿವಾನಿ ಕುಬಸಕ್ಕೆ ಹೋಗ್ತೀಯಲ್ಲ, ಹನ್ನೊಂದಕ್ಕೆ ಅಂದ್ರೆ ಹತ್ತೂವರೆಗೆ ಹೊರಡೋಣ. ನಾನೇ ಡ್ರೈವ್ ಮಾಡ್ತೀನಿ.' ಶಿವಾನಿ ಕಲ್ಮೇಶನ ಹೆಂಡತಿ, ಏಳು ತಿಂಗಳ ಬಸುರಿ; ಕುಬಸ ಎಂದರೆ ಅವರ ಕಡೆಯ ಸೀಮಂತ. ದೀಪ್ತಿ ತನಗೆ ಈಮೇಲಿನಲ್ಲಿ ಬಂದ ಆಮಂತ್ರಣವನ್ನು ತೆರೆದು ಮತ್ತೊಮ್ಮೆ ನೋಡಿದಳು. ಅದೇ ತೊಟ್ಟಿಲ ಚಿತ್ರ, ಅದೇ ಹಳದಿ ಅಕ್ಷರ, ಅದೇ ವಿಳಾಸ. ಸಮಯ ಮಾತ್ರ ಮಧ್ಯಾಹ್ನ ಒಂದು ಗಂಟೆ. ಹನ್ನೊಂದಕ್ಕೆ ಹಸಿರು ಬಳೆ, ಹಸಿರು ಸೀರೆ, ಉಡಿ ತುಂಬುವುದು, ಹಾಡು, ಆರತಿ. ಒಂದಕ್ಕೆ ಊಟ. 'ನಾನು ಸ್ವಲ್ಪ ಲೇಟಾಗಿ ಬರ್ತೀನಿ' ಎಂದಳು ಸರಳಾಗೆ. ಯಾರೂ ಅವಳನ್ನು ಬರಬೇಡ ಎಂದಿರಲಿಲ್ಲ. ಯಾರಾದರೂ ಹಾಗೆಂದಿದ್ದರೆ ಜಗಳವಾಡಬಹುದಿತ್ತು, ಎರಡನೇ ಮಾಸ್ಟರ್ಸ್ ಮಾಡಿದ ಹೆಂಗಸು ಈ ಕಾಲದಲ್ಲಿ ಈ ದೇಶದಲ್ಲಿ ಎಂದೆಲ್ಲ ಅನ್ನಬಹುದಿತ್ತು. ಬಾ ಎಂದೇ ಕರೆದಿದ್ದರು, ಪ್ರೀತಿಯಿಂದ ಕರೆದಿದ್ದರು, ಬೇರೆ ಹೊತ್ತಿಗೆ ಕರೆದಿದ್ದರು ಅಷ್ಟೆ. ಒಂದೇ ಆಮಂತ್ರಣದಲ್ಲಿ ಎಲ್ಲರಿಗೂ ಹನ್ನೊಂದು, ಅವಳಿಗೆ ಮಾತ್ರ ಒಂದು ಎಂದು ಬರೆಯಬೇಕಾದರೆ ಅವಳ ಹೆಸರನ್ನು ಗುಂಪಿನಿಂದ ತೆಗೆದು, ಬೇರೆ ಪ್ರತಿ ಮಾಡಿ, ಸಂಖ್ಯೆ ಬದಲಿಸಿ, ಕಳಿಸಬೇಕು. ಕೈಯಾರೆ ಮಾಡುವ ಕೆಲಸ ಅದು. ಬೆಳಗಾವಿಯಿಂದ ಬಾಣಂತನಕ್ಕೆಂದು ಬಂದ ಕಲ್ಮೇಶನ ತಾಯಿ ಗಂಗವ್ವನಿಗೆ ಕಂಪ್ಯೂಟರ್ ಮುಟ್ಟಲು ಬರುವುದಿಲ್ಲ.

ಸೌತ್‌ಫೀಲ್ಡಿನ ಆ ಗಾಜಿನ ಕಟ್ಟಡದಲ್ಲಿ ಅವರ ಮಹಡಿ ಅರ್ಧ ಖಾಲಿ. ಕೆಲಸ ಕಳೆದುಕೊಂಡು ಹೋದವರ ಹೆಸರಿನ ಫಲಕಗಳನ್ನು ಯಾರೂ ತೆಗೆದಿರಲಿಲ್ಲ. ಕುರ್ಚಿಗಳನ್ನು ಮಾತ್ರ ಇದ್ದವರು ಒಂದೊಂದಾಗಿ ಎಳೆದುಕೊಂಡು ಹೋಗಿದ್ದರು, ಸತ್ತವರ ಮನೆಯ ಸಾಮಾನಿನ ಹಾಗೆ. ಲಾಬಿಯ ಟಿವಿಯಲ್ಲಿ ಯಾರೋ ಮುಳುಗುತ್ತಿರುವ ಕಾರು ಕಂಪನಿಗಳ ಬಗ್ಗೆ ತಲೆ ಅಲ್ಲಾಡಿಸುತ್ತಿದ್ದ. ಶ್ರೀಹರಿ ಆಗಲೇ ಬಂದಿದ್ದ. ಕನ್ಸಲ್ಟೆನ್ಸಿ ಅವನದು, ದೀಪ್ತಿಯ ವೀಸಾ, ಕಲ್ಮೇಶನ ವೀಸಾ ಎರಡೂ ಅವನ ಕಂಪನಿಯ ಹೆಸರಿನಲ್ಲಿ. ಶ್ರೀಕಾಂತನೂ ಅವನ ಬಳಿಯೇ ಇದ್ದ, ಆದರೆ ಶ್ರೀಹರಿ ಆ ಹೆಸರು ಎತ್ತುವುದಿಲ್ಲ, ನಮ್ಮ ಹುಡುಗ ಎನ್ನುತ್ತಾನೆ. ಸೋಮವಾರ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದ: 'ನೋಡಿ, ಕ್ಲೈಂಟು ಒಬ್ಬರನ್ನೇ ಇಟ್ಕೋತೀನಿ ಅಂತಾನೆ. ಶುಕ್ರವಾರ ಹೆಸರು ಕೊಡ್ಬೇಕು. ನಾನೇನು ದೇವರಲ್ಲ. ಗುರುವಾರದ ಗೋ-ಲೈವ್ ಆಗ್ಲಿ, ಯಾರ ಕೆಲಸ ಹೇಗಿದೆ ಅಂತ ಅವರೇ ನೋಡ್ತಾರೆ.' ಹಾಗೆಂದು ಕಲ್ಮೇಶನ ಕಡೆ ನೋಡಿ, ಬಳಿಕ ಅವಳ ಕಡೆ ಅದಕ್ಕಿಂತ ಸ್ವಲ್ಪ ಮೆತ್ತಗೆ ನೋಡಿದ್ದ. ಆ ಮೆತ್ತಗಿನ ನೋಟದಲ್ಲಿ ಅವಳ ಹೆಸರು ಆಗಲೇ ಹೊರಟುಹೋಗಿತ್ತು. ಕೆಲಸವಿದ್ದರೆ ವೀಸಾ, ವೀಸಾ ಇದ್ದರೆ ಈ ದೇಶ. ಇಲ್ಲದಿದ್ದರೆ ಮೈಸೂರು. ಅತ್ತೆ ಸುವರ್ಣಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದರು: 'ಮೇಲಿನ ರೂಮಿಗೆ ಸುಣ್ಣ ಹೊಡೆಸಿದೀನಿ. ಅವನ ಬೀರು ಅಲ್ಲೇ ಇಡಿಸಿದೀನಿ. ನೀನು ಬಂದು ಒಂದು ಕಡೆ ನೆಮ್ಮದಿಯಾಗಿ ಕೂತ್ಕೊ.' ಒಂದು ಕಡೆ ಕೂರುವುದು ಎಂದರೇನು ಎಂಬುದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಗಂಡ ತೀರಿದ ಸೋದರತ್ತೆಯೊಬ್ಬರು ಹಾಗೆ ಕೂತು, ಹಬ್ಬದ ದಿನ ಬಾಗಿಲ ಹಿಂದಿನಿಂದ ಒಬ್ಬಟ್ಟು ಸರಿಯಾಗಿ ಬೆಂದಿದೆಯಾ ಎಂದು ಕೇಳುತ್ತಿದ್ದುದನ್ನು ಮದುವೆಯಾದ ವರ್ಷ ನೋಡಿದ್ದಳು.

ಕಾರಿನ ಬಾಗಿಲುಗಳ ಲಾಕು ಮತ್ತು ಕೀಲು ತಯಾರಿಸುವ ಕಂಪನಿಗೆ ಅವರು ಕೆಲಸ ಮಾಡುತ್ತಿದ್ದರು. ಡೀಲರುಗಳು ಆರ್ಡರ್ ಹಾಕುವ ವೆಬ್‌ಸೈಟು. ಇಷ್ಟು ದಿನ ಅದು ಮಾಮೂಲಿ ವಿಳಾಸದಲ್ಲಿ ನಡೆದಿತ್ತು. ಇವತ್ತು, ಗುರುವಾರ, ಮೂರು ಗಂಟೆಯಿಂದ ಯಾರು ಮಾಮೂಲಿ ವಿಳಾಸಕ್ಕೆ ಬಂದರೂ ಅವರನ್ನು ಬೀಗದ ಗುರುತಿರುವ ಸುರಕ್ಷಿತ ವಿಳಾಸಕ್ಕೆ ತಿರುಗಿಸಿ ಕಳಿಸಬೇಕು. ಹಾಗೆ ತಿರುಗಿಸುವ ನಾಲ್ಕು ಸಾಲನ್ನು ಕಲ್ಮೇಶ ಬರೆದಿದ್ದ. ಬಂದವರು ಸುರಕ್ಷಿತವಾಗಿ ಬಂದಿದ್ದಾರೋ ನೋಡು. ಇಲ್ಲವಾದರೆ ಆ ಕಡೆಗೆ ಕಳಿಸು. ತಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಸರ್ಟಿಫಿಕೇಟ್ ಇಲ್ಲದ್ದರಿಂದ ಅಲ್ಲಿ ತಿರುಗಿಸಿದರೆ ಸೈಟೇ ತೆರೆಯುವುದಿಲ್ಲ, ಹಾಗಾಗಿ ಲೋಕಲ್ಲಿಗೆ, ಅಂದರೆ ತಮ್ಮ ಕಂಪ್ಯೂಟರಿಗೆ, ಮೇಲೊಂದು ವಿನಾಯಿತಿ. ಅದರ ಪಕ್ಕದಲ್ಲಿ, ಕ್ಲೈಂಟಿಗೆ ಅರ್ಥವಾಗದಿರಲೆಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಟಿಪ್ಪಣಿ: ಲೋಕಲ್ ಇದ್ರ ಬಿಟ್ಟಬಿಡು. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವ ಚಾಳಿ ಶ್ರೀಕಾಂತ ಕಲಿಸಿದ್ದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೈಗೆತ್ತಿಕೊಂಡು ನೋಡಿ ವಾಪಸು ಇಡಬೇಕು ಎಂಬ ನೇಮವೂ ಅವನದೇ. ಎತ್ತಿಕೊಂಡರೆ ಫೈಲಿನ ಪಕ್ಕ ಎತ್ತಿಕೊಂಡವರ ಹೆಸರು ಬೀಳುತ್ತಿತ್ತು. ಹೆಸರು ಕಾಣಿಸಿ ಮತ್ತೆ ಮರೆಯಾದರೆ ನೋಡಿದ್ದಾಯಿತು, ಸರಿಯಿದೆ ಎಂದು ಅರ್ಥ. ಮಾತಾಡುವ ಅಗತ್ಯವಿರಲಿಲ್ಲ.

ನಿನ್ನೆ ಮಧ್ಯಾಹ್ನ ಕೌಸಲ್ಯಾ ಫೋನ್ ಮಾಡಿದ್ದರು. ಕ್ಲೈಂಟಿನ ನಿಜವಾದ ಸರ್ವರುಗಳು ಷಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದವು, ಅವುಗಳನ್ನು ನೋಡಿಕೊಳ್ಳುವವರು ಅವರು. ಐವತ್ತು ದಾಟಿದ ಬೆಂಗಳೂರಿನ ಹೆಂಗಸು, ಮುಖ ನೋಡಿಲ್ಲ, ದನಿ ಮಾತ್ರ. ಕಲ್ಮೇಶ ಊಟಕ್ಕೆ ಹೋಗಿದ್ದ. 'ನೋಡಮ್ಮ, ನಮ್ಮಲ್ಲಿ ಮುಂದೆ ಒಂದು ಬಾಕ್ಸ್ ಇದೆ. ಸೆಕ್ಯೂರ್ ಆಗಿ ಬಂದಿದ್ದನ್ನ ಅದೇ ಬಿಚ್ಚಿ, ಒಳಗಿನ ಮಷೀನಿಗೆ ಪ್ಲೇನಾಗೇ ಕೊಡುತ್ತೆ. ಒಳಗಿನ ಮಷೀನಿಗೆ ಎಲ್ಲಾ ಪ್ಲೇನಾಗೇ ಕಾಣುತ್ತೆ. ನಿಮ್ಮ ಕೋಡು ಅದನ್ನ ನೋಡಿ ಸೆಕ್ಯೂರಾಗಿ ಬಾ ಅಂತ ವಾಪಸ್ ಕಳಿಸಿದ್ರೆ, ಅವನು ಮತ್ತೆ ಸೆಕ್ಯೂರಾಗೇ ಬರ್ತಾನೆ, ಬಾಕ್ಸು ಮತ್ತೆ ಬಿಚ್ಚುತ್ತೆ, ನೀವು ಮತ್ತೆ ವಾಪಸ್ ಕಳಿಸ್ತೀರ. ಮುಗಿಯೋದೇ ಇಲ್ಲ. ಇವನು ಸೆಕ್ಯೂರಾಗೇ ಬಂದೋನು ಅಂತ ಬಾಕ್ಸು ಒಂದು ಚೀಟಿ ಹಚ್ಚಿ ಕಳಿಸುತ್ತೆ, ಅದನ್ನ ನೋಡಿ. ಆಯ್ತಾ? ಟೆಸ್ಟ್ ಸರ್ವರ್ ಇದ್ದಿದ್ರೆ ನಿಮಗೇ ಗೊತ್ತಾಗ್ತಿತ್ತು, ಅದನ್ನೂ ಖರ್ಚು ಅಂತ ಜನವರೀಲಿ ಎತ್ತಿಸಿಬಿಟ್ರು.' ಆಯ್ತು ಮೇಡಂ ಎಂದಿದ್ದಳು. ಸಂಜೆ ಫೈಲನ್ನು ಎತ್ತಿಕೊಂಡಳು. ಅವನ ನಾಲ್ಕು ಸಾಲು, ಅವನ ಟಿಪ್ಪಣಿ. ಒಂದು ಸಾಲು ಬದಲಿಸಬೇಕಿತ್ತು. ಪರದೆಯ ಮೇಲೆ ಗೀಟು ಮಿನುಗುತ್ತಲೇ ಇತ್ತು. ಲೋಕಲ್ ಇದ್ರ ಬಿಟ್ಟಬಿಡು. ಅವನ ಮೇಜಿನ ಮೇಲೆ ಎಲ್ಲವೂ ಸಲೀಸಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಪ್ರಶ್ನೆಯನ್ನೇ ಕೇಳಿಲ್ಲ. ಅವಳಿಗೆ ತೊಟ್ಟಿಲ ಚಿತ್ರ ನೆನಪಾಯಿತು, ಒಂದು ಗಂಟೆ ಎಂಬ ಹಳದಿ ಅಂಕಿ. ಏನನ್ನೂ ಮುಟ್ಟದೆ ಫೈಲನ್ನು ವಾಪಸು ಇಟ್ಟಳು. ಆಗ ಸಂತೋಷವಾಯಿತೆಂದು ಹೇಳಲಾಗದು. ಒಂದು ವರ್ಷದಿಂದ ಮರಗಟ್ಟಿದ್ದ ಜಾಗದಲ್ಲಿ ಏನೋ ಚುಚ್ಚಿದ ಹಾಗಾಯಿತು, ಅಷ್ಟೆ, ಮತ್ತು ಆ ಚುಚ್ಚು ಬೇಕೆನಿಸಿತು.

ಊಟದ ಹೊತ್ತಿಗೆ ಪ್ಯಾಂಟ್ರಿಯಲ್ಲಿ ಅವರಿಬ್ಬರೇ. ಮೈಕ್ರೋವೇವಿನ ಒಳಗೆ ಅವಳ ಡಬ್ಬಿ ತಿರುಗುತ್ತಿತ್ತು. ಈಗ ಹೇಳಬಹುದು, ಹೇಳಿದರೆ ಎರಡು ನಿಮಿಷದ ಕೆಲಸ, ನಿನ್ನೆ ಮರೆತೆ ಅಂದರಾಯಿತು, ಅವನು ಹಣೆ ಚಚ್ಚಿಕೊಂಡು ನಗುತ್ತಾನೆ. ಕಲ್ಮೇಶ ಫಾಯಿಲಿನ ಪೊಟ್ಟಣ ಬಿಚ್ಚಿ ಅವಳ ಕಡೆ ಸರಿಸಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ. 'ಅವ್ವ ನಿಮಗಂತನ ಕಟ್ಯಾಳ. ಆಕಿ ಒಬ್ಬಾಕಿನ ಏನ್ ಬೇಯಿಸ್ಕೊಂಡ್ ತಿಂತಾಳೊ ಪಾಪ ಅಂತಾಳ ದಿನಾ.'

'ನಾನು ಬೇಯಿಸ್ಕೊಂಡೇ ತಿಂತೀನಿ' ಎಂದಳು ದೀಪ್ತಿ.

'ಹಂಗಲ್ರಿ. ಹಳೇ ಮಂದಿ. ಅವರ ಮಾತ ಮನಸಿಗೆ ಹಚ್ಚಿಕೋಬಾರದು.' ಅವನು ರೊಟ್ಟಿ ಮುರಿದ. ಮುಖ ನೋಡದೆ ಹೇಳಿದ: 'ಶನಿವಾರ ಬರ್ತೀರಲ್ಲ. ಊಟಕ್ಕ. ಹೋಳಿಗಿ ಮಾಡಸಾಕತ್ತೀವಿ.'

'ಎಷ್ಟು ಗಂಟೆಗೆ ಅಂದ್ರಿ?'

ಅವನ ದವಡೆ ಒಂದು ಕ್ಷಣ ನಿಂತಿತು. 'ಒಂದಕ್ಕ' ಎಂದ. ಮೈಕ್ರೋವೇವ್ ಕೂಗಿತು. ಅವಳು ಎದ್ದು ಡಬ್ಬಿ ತೆಗೆದುಕೊಂಡಳು, ಬೆರಳು ಸುಟ್ಟಿತು, ಸುಡಲಿ ಎಂದು ಹಿಡಿದೇ ನಿಂತಳು. ಬಾಯಿಯವರೆಗೆ ಬಂದಿದ್ದ ಮಾತು ಮತ್ತೆ ತನ್ನ ಸಂದಿಗೆ ಹೋಗಿ ಕೂತಿತು. ಒಂದಕ್ಕ. ಸುಳ್ಳಾದರೂ ಹೇಳಬಹುದಿತ್ತಲ್ಲ. ಹನ್ನೊಂದಕ್ಕ ಬರ್ರಿ ಎಂದುಬಿಟ್ಟಿದ್ದರೆ, ಅವ್ವ ಏನಂದರೂ ಬರ್ರಿ ಎಂದಿದ್ದರೆ, ಅವಳು ಹೋಗುತ್ತಿರಲಿಲ್ಲ, ಆ ಹಸಿರು ಬಳೆಗಳ ನಡುವೆ ಅವಳಿಗೇನು ಕೆಲಸ. ಆದರೆ ಈಗ ಹೇಳಿಬಿಡುತ್ತಿದ್ದಳು. ರೊಟ್ಟಿಯನ್ನು ಫಾಯಿಲಿನಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅವನು ಕೃತಜ್ಞತೆಯಿಂದ ನೋಡಿದ.

ಮೂರು ಗಂಟೆಗೆ ಶ್ರೀಹರಿಯ ಕೋಣೆಯಲ್ಲಿ ಸ್ಪೀಕರ್ ಫೋನಿನ ಸುತ್ತ ಕೂತರು. ಅತ್ತ ಕಡೆ ಕ್ಲೈಂಟಿನವರು, ಸ್ಕೋಕಿಯಿಂದ ಕೌಸಲ್ಯಾ. ಶ್ರೀಹರಿ ಬೆಳ್ಳಿಯ ಪೆಟ್ಟಿಗೆಯಿಂದ ಅಡಿಕೆ ಚೂರು ಬಾಯಿಗೆ ಹಾಕಿಕೊಂಡ, ಕಲ್ಮೇಶ ಮೊಬೈಲಿನಲ್ಲಿದ್ದ ಯಾವುದೋ ಗುರುವಿನ ಫೋಟೋವನ್ನು ಹಣೆಗೊತ್ತಿಕೊಂಡ. ಕೌಸಲ್ಯಾ ಲೈವ್ ಎಂದರು. ಕಲ್ಮೇಶ ಲ್ಯಾಪ್‌ಟಾಪಿನಲ್ಲಿ ವಿಳಾಸ ಒತ್ತಿದ. ವಿಳಾಸದ ಪಟ್ಟಿಯಲ್ಲಿ ಬೀಗ ಮಿಂಚಿತು, ಮರೆಯಾಯಿತು, ಮತ್ತೆ ಮಿಂಚಿತು. ಪುಟ ಬಿಳಿಯಾಗಿಯೇ ಇತ್ತು. ಕೊನೆಗೆ ಬ್ರೌಸರೇ ಸೋತು, ಈ ಸೈಟು ಎಂದೂ ಮುಗಿಯದ ರೀತಿಯಲ್ಲಿ ತಿರುಗಿಸಿ ಕಳಿಸುತ್ತಿದೆ ಎಂದು ಬರೆದು ನಿಂತಿತು. ಅವನು ಇನ್ನೊಮ್ಮೆ ಒತ್ತಿದ. ಫೋನಿನೊಳಗಿನಿಂದ ಒಬ್ಬ ಇಂಗ್ಲಿಷಿನಲ್ಲಿ, ನಮ್ಮಲ್ಲೂ ತೆರೆಯುತ್ತಿಲ್ಲ ಎಂದ. ಇನ್ನೊಬ್ಬ, ಡೀಲರುಗಳ ಫೋನು ಆಗಲೇ ಶುರುವಾಗಿದೆ ಎಂದ. ಕಲ್ಮೇಶನ ಕಿವಿಯ ತುದಿ ಕೆಂಪಾಗುವುದನ್ನು ದೀಪ್ತಿ ನೋಡಿದಳು. 'ಲೋಕಲ್‌ನ್ಯಾಗ ನಡೀತಿತ್ತಲ್ರೀ' ಎಂದು ಅವನು ಯಾರಿಗೂ ಅಲ್ಲದೆ ಹೇಳಿದ. 'ಬೆಳಿಗ್ಗೀನೂ ನಡೀತು.' ಶ್ರೀಹರಿ ಮ್ಯೂಟ್ ಗುಂಡಿ ಒತ್ತಿದ. 'ಲೋಕಲ್ಲಲ್ಲಿ ಎಲ್ಲಾರದ್ದೂ ನಡಿಯುತ್ತಪ್ಪ. ನಿಮ್ಮನೆ ಅಡಿಗೆಮನೇಲಿ ನೀನೂ ರಾಜ. ಇದು ಏನಾಗ್ತಿದೆ ಹೇಳು.'

ಕೌಸಲ್ಯಾ ಕ್ಲೈಂಟಿನವರಿಗೆ ಸ್ವಲ್ಪ ತಾಳಿ ಎಂದು ಅವರನ್ನು ಹೊರಗಿಟ್ಟು, ಈ ಕಡೆಗೆ ಮಾತ್ರ ಕೇಳುವಂತೆ ಕನ್ನಡಕ್ಕೆ ತಿರುಗಿದರು. 'ಶ್ರೀಹರಿ, ಇದನ್ನ ನಾನು ನಿನ್ನೇನೇ ಹೇಳಿದ್ದೆ. ಮುಂದಿನ ಬಾಕ್ಸಿನ ಚೀಟಿ ನೋಡಿ ಅಂತ. ನಿಮ್ಮೋರಿಗೆ ಫೋನ್ ಮಾಡಿ ಹೇಳಿದೀನಿ.'

'ಯಾರಿಗೆ?' ಎಂದ ಶ್ರೀಹರಿ.

ದೀಪ್ತಿ ಮೇಜಿನ ಮೇಲಿದ್ದ ತನ್ನ ಕೈ ನೋಡಿದಳು. ಸುಟ್ಟ ಬೆರಳ ತುದಿಯಲ್ಲಿ ಚಿಕ್ಕ ಗುಳ್ಳೆ ಎದ್ದಿತ್ತು. ನನಗೆ ಎನ್ನುವ ಮಾತು ಎಷ್ಟು ಚಿಕ್ಕದು, ಮತ್ತು ಆ ಚಿಕ್ಕ ಮಾತಿನ ಆಚೆ ಸುಣ್ಣ ಹೊಡೆಸಿದ ರೂಮು, ಬೀರು, ಬಾಗಿಲ ಹಿಂದಿನ ದನಿ. ಫೋನಿನೊಳಗೆ ಕೌಸಲ್ಯಾ ಉಸಿರೆಳೆದುಕೊಳ್ಳುವುದು ಕೇಳಿಸಿತು.

'ನನಗ ಹೇಳಿದ್ರು ಸರ್' ಎಂದ ಕಲ್ಮೇಶ. 'ಮರ್ತಬಿಟ್ಟೆ.'

ಕೌಸಲ್ಯಾ ತಾನು ಮಾತಾಡಿದ್ದು ಹೆಂಗಸಿನ ಜೊತೆ ಎಂದು ಹೇಳಲಿಲ್ಲ. 'ಯಾರಿಗಾದ್ರೂ ಆಗ್ಲಿ, ಬೇಗ ಸರಿ ಮಾಡಿ' ಎಂದರು, ಅಷ್ಟೆ. ಕಲ್ಮೇಶ ಲ್ಯಾಪ್‌ಟಾಪನ್ನು ಮುಚ್ಚದೆ ಹಾಗೆಯೇ ದೀಪ್ತಿಯ ಮುಂದೆ ತಳ್ಳಿದ. ಅವಳ ಕಡೆ ನೋಡಲಿಲ್ಲ. ಅವಳು ಫೈಲು ಎತ್ತಿಕೊಂಡಳು, ಒಂದು ಸಾಲು ಬದಲಿಸಿದಳು, ಕೌಸಲ್ಯಾ ಅದನ್ನು ಮೇಲೇರಿಸಿದರು. ಬೀಗ ಮಿಂಚಿತು, ನಿಂತಿತು. ಕಾರಿನ ಬಾಗಿಲಿನ ಲಾಕುಗಳ ಚಿತ್ರಗಳು ಸಾಲಾಗಿ ತೆರೆದುಕೊಂಡವು. ಕ್ಲೈಂಟಿನವನು ವಾಪಸು ಬಂದು ಯಾರು ಸರಿಮಾಡಿದ್ದು ಎಂದು ಕೇಳಿದ, ಶ್ರೀಹರಿ ಅವಳ ಹೆಸರು ಹೇಳಿದ, ಅವನು ಅದನ್ನು ತಪ್ಪಾಗಿ ಉಚ್ಚರಿಸಿ ಹೊಗಳಿದ. ಆಮೇಲೆ ಶ್ರೀಹರಿ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಮಗುವಿನ ತಲೆ ಸವರುವ ದನಿಯಲ್ಲಿ, 'ಜಾಣೆ. ನಮ್ಮ ಹುಡುಗ ಇದ್ದಿದ್ರೆ ಎಷ್ಟು ಹೆಮ್ಮೆ ಪಡ್ತಿದ್ದ' ಎಂದ. ಕಲ್ಮೇಶನನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದ. ಗಾಜಿನ ಗೋಡೆಯಾಚೆ ಶ್ರೀಹರಿಯ ಕೈಗಳು ನಾನೇನು ಮಾಡಲಿ ಎನ್ನುವಂತೆ ಎರಡು ಸಲ ತೆರೆದುಕೊಂಡವು. ಕಲ್ಮೇಶ ತಲೆಯಾಡಿಸುತ್ತಿದ್ದ, ಅಂಗಡಿಯವನು ಹೇಳಿದ ದರಕ್ಕೆ ಒಪ್ಪಿದವನ ಹಾಗೆ. ದೀಪ್ತಿ ತನ್ನ ಕುರ್ಚಿಯಲ್ಲಿ ಕೂತು ಅವನು ಬರುವುದನ್ನು ಕಾಯಬೇಕಿತ್ತು. ಮನೆಗೆ ಹೋಗಲು ಅವಳಿಗೆ ಬೇರೆ ದಾರಿಯಿರಲಿಲ್ಲ.

ಕಾರು ತಣ್ಣಗೆ ಕೊರೆಯುತ್ತಿತ್ತು. ಅವನು ಹೀಟರ್ ಹಾಕಿದ, ಕಾಲಿಗೆ ಬರ್ತಿದೆಯಾ ಎಂದು ಕೇಳಲಿಲ್ಲ. ಸೂರ್ಯ ಇಳಿದು ಹಿಮದ ರಾಶಿಗಳೆಲ್ಲ ಮಾಸಿದ ನೀಲಿಯಾಗಿದ್ದವು. ಹೈವೇಯಲ್ಲಿ ಉತ್ತರಕ್ಕೆ ತಿರುಗಿದ ಮೇಲೆ ಟ್ವೆಲ್ವ್ ಮೈಲ್ ಎಕ್ಸಿಟ್ಟಿನ ಹಸಿರು ಫಲಕ ಕಂಡಿತು. ಅವಳು ಟಿಕ್ ಟಿಕ್ ಸದ್ದಿಗಾಗಿ ಕಾದಳು. ಸದ್ದು ಬರಲಿಲ್ಲ. ಎಕ್ಸಿಟ್ಟು ಬಲಕ್ಕೆ ಬಂತು, ಸರಿಯಿತು, ಹಿಂದೆ ಹೋಯಿತು; ಅವನು ನಡುವಿನ ಸಾಲಿನಲ್ಲೇ, ವೇಗ ಕಡಿಮೆ ಮಾಡದೆ, ನೇರ ಹೋದ. ಅವಳು ಒಂದು ವರ್ಷದಿಂದ ನೋಡದ ಎರಡು ಮೈಲಿ. ಎಂಥದೋ ಗುರ್ತು, ಬಾಗಿದ ಕಂಬಿ, ಒಡೆದ ಗೋಡೆ ಇರಬಹುದೆಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಉಪ್ಪು ಬಳಿದ ಸಿಮೆಂಟಿನ ಗೋಡೆ ಇತ್ತು, ಉದ್ದಕ್ಕೂ ಒಂದೇ ಸಮ. ದಿವಾಳಿಯಾದವರು ಈ ನಂಬರಿಗೆ ಕರೆ ಮಾಡಿ ಎಂದು ನಗುವ ವಕೀಲನೊಬ್ಬನ ದೊಡ್ಡ ಬೋರ್ಡು ಇತ್ತು. ಯಾವ ಜಾಗ ಎಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೆ ಅಳು ಬಂದೀತೆಂದು ಕಾದಳು, ಅದೂ ಬರಲಿಲ್ಲ. ಇದನ್ನೇ ಇವನು ದಿನಕ್ಕೆರಡು ಸಲ ಅವಳಿಂದ ಬಚ್ಚಿಟ್ಟಿದ್ದು.

ಫೋರ್ಟೀನ್ ಮೈಲ್ ದಾಟಿದ ಮೇಲೆ ಅವನು ಮಾತಾಡಿದ. 'ನಿನ್ನಿ ಸಂಜೀಕ ಫೈಲ್ ಮ್ಯಾಲ ನಿಮ್ಮ ಹೆಸರು ನೋಡ್ದೆ. ದೀಪ್ತಿಯವರು ನೋಡ್ಯಾರ, ಇನ್ನ ಚಿಂತಿಲ್ಲ ಅಂತ ಮನೀಗ್ ಬಂದ್ ಮಕ್ಕೊಂಡೆ.'

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

'ಕೌಸಲ್ಯಾ ಮೇಡಂ ನಿನ್ನೆ ಹೇಳಿದ್ದೆ ಅಂದ ಕೂಡ್ಲೆ ತಿಳೀತು ನನಗ.'

'ಮತ್ತೆ ಯಾಕೆ ನಿಮಗೆ ಹೇಳಿದ್ರು ಅಂದ್ರಿ?'

ಅವನು ಬಿಗ್ ಬೀವರ್ ರಸ್ತೆಗೆ ಇಳಿದು ಸಿಗ್ನಲ್ಲಿನಲ್ಲಿ ನಿಂತ. ಕೆಂಪು ಬೆಳಕು ಅವನ ಅರ್ಧ ಮುಖದ ಮೇಲಿತ್ತು. 'ಅವ್ವ ಅಂದ್ಲು, ಆಕಿ ಊಟಕ್ಕ ಬರ್ಲಿ ಅಂತ. ಖರೆ. ಆದ್ರ ಕೂತು ಟೈಮ್ ಬದ್ಲಿ ಮಾಡಿದಾಂವ ನಾನ. ಶಿವಾನಿ ಬ್ಯಾಡ ಅಂದ್ಲು, ನಾ ಕೇಳ್ಲಿಲ್ಲ. ಅವತ್ತಿಂದ ನಿಮ್ಮ ಮುಖಾ ನೋಡಾಕ ಆಗ್ತಿರಲಿಲ್ಲ. ಮುಂಜಾನೆ ನಿಮ್ಮನ್ನ ಕಾರಿನ್ಯಾಗ ಕುಂದರಿಸ್ಕೊಂಡ ಬರೂವಾಗ ಮೈಯೆಲ್ಲಾ ನಾಚಿಕಿ.' ದೀಪ ಹಸಿರಾಯಿತು. 'ಇವತ್ತ ಅದು ಹರೀತು ನೋಡ್ರಿ. ನೀವ್ ನನಗ ಮಾಡಿದ್ರಿ, ನಾ ನಿಮಗ ಮಾಡ್ದೆ. ಹಗುರ ಆತು. ಕೆಲಸಾ ನಿಮಗಿರ್ಲಿ. ನನಗ ಊರೈತಿ, ಮಂದಿ ಅದಾರ, ಹೋಗ್ತೀನಿ. ನಿಮಗ ಏನೈತ್ರಿ?'

ನಿಮಗ ಏನೈತ್ರಿ. ಅವನು ಅದನ್ನು ಚುಚ್ಚಲು ಹೇಳಿರಲಿಲ್ಲ, ಅದೇ ದೊಡ್ಡ ಅವಮಾನ. ಗಂಗವ್ವನ ರೊಟ್ಟಿ ಇನ್ನೂ ಅವಳ ಚೀಲದಲ್ಲಿತ್ತು. ಇವನು ಊರಿಗೆ ಹೋಗಿ, ಅಲ್ಲಿ ಯಾವುದಾದರೂ ಕಟ್ಟೆಯ ಮೇಲೆ ಕೂತು, ನಮ್ಮ ಶ್ರೀಕಾಂತಣ್ಣನ ಹೆಂಡತಿಗೆ ನನ್ನ ಕೆಲಸ ಬಿಟ್ಟುಕೊಟ್ಟು ಬಂದೆ ಎನ್ನುತ್ತಾನೆ. ಸುತ್ತ ಕೂತವರು ಹೌದಪ್ಪ, ಪುಣ್ಯದ ಕೆಲಸ ಎನ್ನುತ್ತಾರೆ. ಬೇರೆ ಗಂಟೆ ಬರೆದ ಕೈ ಅದರಲ್ಲಿ ತೊಳೆದುಹೋಗುತ್ತದೆ. ಅವಳು ಹನ್ನೊಂದನೇ ಮಹಡಿಯಲ್ಲಿ, ಹೋದವರ ಹೆಸರುಗಳ ನಡುವೆ, ಬೇರೆಯವರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತಿರುತ್ತಾಳೆ, ಒಂದು ಕಡೆ, ನೆಮ್ಮದಿಯಾಗಿ. ಅವಳು ಈವರೆಗೆ ಅವನಿಗೆ ಕೇಡು ಬಯಸಿದ್ದಳು, ಪಶ್ಚಾತ್ತಾಪ ಇನ್ನೂ ಹುಟ್ಟಿರಲಿಲ್ಲ, ಈಗಲೂ ಹುಟ್ಟಲಿಲ್ಲ. ಅವನು ಹಗುರವಾಗಿ ಹೋಗಬಾರದು ಎಂಬುದೊಂದೇ ಅವಳ ಎದೆಯಲ್ಲಿ ಗಟ್ಟಿಯಾಗಿ ನಿಂತಿತು. ತನ್ನ ಕೆಲಸ, ದೇಶ, ಸುಣ್ಣ ಹೊಡೆಸಿದ ರೂಮು, ಎಲ್ಲವೂ ಅದರ ಮುಂದೆ ಬೇರೆ ಯಾರದ್ದೋ ಸಂಗತಿಯ ಹಾಗೆ ಕಂಡಿತು.

ಕಾರು ಅಪಾರ್ಟ್‌ಮೆಂಟಿನ ಮುಂದೆ ನಿಂತಿತು. ಅವಳು ಹಿಡಿಕೆ ಎಳೆದಳು. ಅದೇ ಕ್ಷಣ ಅವನು ಲಾಕ್ ತೆಗೆಯುವ ಗುಂಡಿ ಒತ್ತಿದ. ಬಾಗಿಲು ಕಟ್ ಎಂದಿತು, ತೆರೆಯಲಿಲ್ಲ. ಅವಳು ಮತ್ತೆ ಎಳೆದಳು, ಅವನು ಮತ್ತೆ ಒತ್ತಿದ. ಕಟ್. ಇನ್ನೊಮ್ಮೆ. ಇಬ್ಬರೂ ಒಟ್ಟಿಗೆ ಮಾಡುತ್ತಿದ್ದರಿಂದ ಅದು ತೆರೆಯುವ ಹಾಗೇ ಇರಲಿಲ್ಲ. ಅವನು ಕೈ ನಿಲ್ಲಿಸಿದ.

'ಮೊದ್ಲ ನೀವು ಕೈ ಬಿಡ್ರಿ, ವೈನಿ' ಎಂದ.

ಅವಳು ಕೈ ಬಿಟ್ಟಳು. ಲಾಕು ಮೇಲೆದ್ದಿತು. ಇಳಿದು, ಬಾಗಿಲನ್ನು ಹಿಡಿದುಕೊಂಡು ನಿಂತಳು. ಕಾರಿನೊಳಗೆ ಅಷ್ಟು ಹೊತ್ತು ಕೂಡಿದ ಬೆಚ್ಚನೆ ಗಾಳಿಯೆಲ್ಲ ಅವಳನ್ನು ದಾಟಿ ಹೊರಗೆ ಹೋಯಿತು. ಚೀಲದಿಂದ ಫಾಯಿಲಿನ ಪೊಟ್ಟಣ ತೆಗೆದು ತಾನು ಕೂತಿದ್ದ ಸೀಟಿನ ಮೇಲಿಟ್ಟಳು.

'ನಾಳೆ ಬೆಳಿಗ್ಗೆ ಶ್ರೀಹರಿಗೆ ನಾನೇ ಹೇಳ್ತೀನಿ. ಕೌಸಲ್ಯಾ ನನಗೆ ಹೇಳಿದ್ರು, ನಾನು ಬೇಕಂತ ಸುಮ್ಮನಿದ್ದೆ ಅಂತ.'

'ಬ್ಯಾಡ್ರಿ. ಯಾಕ್ರಿ ಸುಮ್ನ. ನಿಮಗ ಯಾರದಾರ ಅಲ್ಲೆ...'

'ನಿಮ್ಮ ನಾಚಿಕೆ ನಿಮ್ಮ ಹತ್ತಿರಾನೇ ಇರ್ಲಿ' ಎಂದಳು. ದನಿ ಏರಿರಲಿಲ್ಲ. 'ಬೆಳಿಗ್ಗೆ ಒಳದಾರಿ ಬೇಡ. ನೇರ ಹೋಗಿ.'

ಬಾಗಿಲು ತಳ್ಳಿದಳು, ಲಾಕು ಬಿತ್ತು. ಗಾಜಿನ ಉಪ್ಪಿನ ಹಿಂದೆ ಅವನ ಬಾಯಿ ಇನ್ನೂ ಏನೋ ಹೇಳುತ್ತಿತ್ತು. ಕೇಳಿಸಿಕೊಳ್ಳಲು ಅವಳು ಬಗ್ಗಲಿಲ್ಲ.